ರೇಟ್ ಆಮೇಲೆ, ಮೊದಲು ಉತಾರ

ವಿಜಯಪುರದ ಹತ್ತಿರದ ಮನಗೂಳಿ ಕಡೆ ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಮೊದಲು ಕೇಳುವುದು, ‘ಜಾಗದ ರೇಟ್ ಏರ್ತದೇನ್ರೀ?’ ಎಂದು. ನಿವೃತ್ತಿಯ ಗಂಟು ಕೈಗೆ ಬಂದ ಮಾಸ್ತರೂ ಇದನ್ನೇ ಕೇಳುತ್ತಾರೆ, ಒಣದ್ರಾಕ್ಷಿ ಮಾರಿ ಬಂದ ರೈತನೂ ಇದನ್ನೇ ಕೇಳುತ್ತಾನೆ. ಎರಡನೆಯ ಪ್ರಶ್ನೆ, ‘ಎಷ್ಟ್ ವರ್ಷಕ್ಕ ಡಬಲ್ ಆಗ್ತದ?’ ‘ಜಾಗ ಯಾರ ಹೆಸರಿಲೆ ಅದ?’ ಎಂಬುದು ಬರುವುದು ಸಂಚಕಾರ ಕೊಟ್ಟು, ಚಹಾ ಕುಡಿದು, ಪೇಢೆ ಹಂಚಿದ ಮೇಲೆ. ಈ ಕ್ರಮವನ್ನು ತಿರುವಿ ಹಾಕಬೇಕು ಎನ್ನುವುದಷ್ಟೇ ನನ್ನ ಮಾತು. ದೊಡ್ಡ ನಗರದಲ್ಲಿ ತಪ್ಪು ಜಾಗ ಕೊಂಡವನಿಗೂ ಇನ್ನೊಬ್ಬ ಗಿರಾಕಿ ಸಿಕ್ಕಾನು. ಮನಗೂಳಿಯಂಥ ಊರಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟು. ಒಬ್ಬ ಕಾಗದ ನೋಡಿ ಹಿಂದೆ ಸರಿದರೆ ಸುದ್ದಿ ಸಂಜೆಯೊಳಗೆ ಉಳಿದವರಿಗೆಲ್ಲ ಮುಟ್ಟಿರುತ್ತದೆ. ಹೀಗಾಗಿ ಲಾಭವೋ ಲುಕ್ಸಾನೋ ಎಂಬುದು ಕೊಳ್ಳುವ ದಿನವೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ವಿಜಯಪುರದ ಕೋಟೆಗೆ ಮನಗೂಳಿ ಅಗಸಿ ಎಂಬ ಬಾಗಿಲಿದೆ. 1686ರಲ್ಲಿ ಔರಂಗಜೇಬ ನಗರವನ್ನು ಹೊಕ್ಕಿದ್ದು ಇದೇ ಬಾಗಿಲಿನಿಂದ ಎನ್ನುತ್ತಾರೆ. ಈಗ ದಂಡಯಾತ್ರೆ ಹೊರಮುಖವಾಗಿದೆ: ನಗರವೇ ಅಗಸಿ ದಾಟಿ ಹೊರಟಿದೆ. ಅಲ್ಲಿಂದ ಮನಗೂಳಿಗೆ ರಾಷ್ಟ್ರೀಯ ಹೆದ್ದಾರಿ 50ರ ಗುಂಟ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಜೋಳ, ತೊಗರಿ ಬೆಳೆಯುತ್ತಿದ್ದ ಎರಿ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟು, ಕಮಾನು ಕಟ್ಟಿ, ದೇವರ ಹೆಸರಿಟ್ಟು ಪ್ಲಾಟ್ ಮಾಡಿದವರು ಈ ಹಾದಿಯಲ್ಲಿ ಕಡಿಮೆ ಇಲ್ಲ. ಮನಗೂಳಿಯಲ್ಲಿ ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದದ್ದೂ ಆಸೆಗೆ ಗಾಳಿ ಹಾಕಿದೆ.

ಈ ಆಸೆ ಬದುಕಿರುವುದು ಸುದ್ದಿಗಳ ಮೇಲೆ. ವಿಮಾನ ನಿಲ್ದಾಣದ್ದೇ ನೋಡಿ. ಬುರಣಾಪುರ–ಮದಭಾವಿ ಬಳಿ ಏಳು ನೂರಕ್ಕೂ ಹೆಚ್ಚು ಎಕರೆಯಲ್ಲಿ ಕಟ್ಟುವ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. 2025 ಮುಗಿದಾಗಲೂ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿರಲಿಲ್ಲ. ವಿಮಾನ ಇಂದಲ್ಲ ನಾಳೆ ಹಾರೀತು, ಅದರಲ್ಲಿ ಅನುಮಾನ ಬೇಡ. ಆದರೆ ‘ಏರ್‌ಪೋರ್ಟ್ ಆಗ್ತದ’ ಎಂಬ ಮಾತಿಗೆ ಬೆಲೆ ಕೊಟ್ಟು ಜಾಗ ಹಿಡಿದವನು ಅಷ್ಟೂ ವರ್ಷದ ಬಡ್ಡಿಯನ್ನು ತನ್ನ ಕಿಸೆಯಿಂದಲೇ ಹಾಕಿದ್ದಾನೆ. ಕೂಡಗಿಯ ಎನ್‌ಟಿಪಿಸಿ ಸ್ಥಾವರದ ಪಾಠ ಬೇರೆ. ಎಂಟು ನೂರು ಮೆಗಾವಾಟಿನ ಮೂರು ಘಟಕ, ಒಟ್ಟು 2400 ಮೆಗಾವಾಟ್. ಇಂಥದ್ದನ್ನು ಕಟ್ಟುವಾಗ ಬೇಕಾಗುವ ಕೈಗಳೇ ಬೇರೆ, ಕಟ್ಟಿದ ಮೇಲೆ ನಡೆಸಲು ಬೇಕಾಗುವ ಕೈಗಳೇ ಬೇರೆ. ಕಾಮಗಾರಿಯ ಕಾಲದ ಬಾಡಿಗೆ ನೋಡಿ ಖೋಲಿ ಕಟ್ಟಿಸುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸುದ್ದಿ ಆಲಮಟ್ಟಿಯದು. ಅಣೆಕಟ್ಟೆಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಪರಿಹಾರದ ದರ ನಿಗದಿ ಮಾಡಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ. ಅಂದಿನಿಂದ ಹೊಲ ಮಾರುವವರ ಬಾಯಲ್ಲಿ ಇದೇ ಅಂಕಿ. ಮುಳುಗುವ ಹೊಲಕ್ಕೂ ಮುಳುಗದ ಹೊಲಕ್ಕೂ ಏನು ಸಂಬಂಧ? ಸರ್ಕಾರ ತನ್ನ ಯೋಜನೆಗೆ ಕೊಡುವ ಪರಿಹಾರ ಅದು, ಮಾರುಕಟ್ಟೆಯ ದರವಲ್ಲ. ಪರಿಹಾರ ಪಡೆದವರು ಬೇರೆ ಕಡೆ ಹೊಲ ಹುಡುಕಿಕೊಂಡು ಬರುತ್ತಾರೆ, ಆಗ ಬೆಲೆ ಏರಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಹಣ ಯಾವ ವರ್ಷ ಯಾರ ಖಾತೆಗೆ ಬೀಳುತ್ತದೆ ಎನ್ನುವುದನ್ನು ಬ್ಯಾರೇಜಿನ ಗೇಟಿನಂತೆ ನಾವು ನೀವು ಎತ್ತಿ ಇಳಿಸಲಾಗದು.

ಈಗ ಕಾಗದಕ್ಕೆ ಬರೋಣ. ರಾಜ್ಯದ ಬೇರೆ ಕಡೆ ಪಹಣಿ ಎನ್ನುವುದು ನಮ್ಮಲ್ಲಿ ಉತಾರ. ಭೂಮಿ ಯೋಜನೆ ಬಂದ ಮೇಲೆ ಅದು ಗಣಕಯಂತ್ರದಿಂದ ಹೊರಬೀಳುತ್ತದೆ. ತಲಾಠಿಯ ಚೀಲ ಹುಡುಕುವ ಕಾಲ ಹೋಯಿತು. ಹೊಸಬರು ಉತಾರ ಹಿಡಿದು 9ನೇ ಕಾಲಂ ನೋಡುತ್ತಾರೆ, ಮಾರುವವನ ಹೆಸರಿದೆ, ಸಮಾಧಾನ. ನನಗೆ ಕೇಳಿದರೆ ಮೊದಲು ನೋಡಬೇಕಾದದ್ದು 10 ಮತ್ತು 11. ಹೆಸರು ಹೇಗೆ ಬಂತು ಎಂಬುದು 10ರಲ್ಲಿ: ಖರೀದಿಯಿಂದಲೋ, ವಾಟಣಿ ಅಂದರೆ ಪಾಲಿನಿಂದಲೋ, ವಾರಸಾದಿಂದಲೋ, ಸರ್ಕಾರದ ಮಂಜೂರಾತಿಯಿಂದಲೋ. ಆ ಮ್ಯುಟೇಶನ್ ನಂಬರ್ ಹಿಡಿದು ಹಿಂದಿನ ದಾಖಲೆಗಳಿಗೆ ಹೋಗಬೇಕು. ಮಂಜೂರಾದ ಜಮೀನಾಗಿದ್ದು, ಮೊದಲು ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಅಲ್ಲಿ ನಿಲ್ಲುವುದಿಲ್ಲ; ಹಳೆಯದಾಯಿತು ಎಂಬ ನೆಪವನ್ನು ತಡೆಯಲು 2023ರಲ್ಲಿ ತಿದ್ದುಪಡಿಯೂ ಬಂದಿದೆ.

11ನೇ ಕಾಲಂ ಬೇರೆಯವರ ಹಕ್ಕು, ಋಣಗಳದ್ದು. ಪಿಕೆಪಿಎಸ್ ಸಹಕಾರ ಸಂಘದ ಬೆಳೆಸಾಲವಿರಲಿ, ಬ್ಯಾಂಕಿನ ಟ್ರ್ಯಾಕ್ಟರ್ ಸಾಲವಿರಲಿ, ಬೋಜಾ ಕೂತಿರುವುದು ಇಲ್ಲೇ. ಈ ಕಾಲಂ ಎಷ್ಟು ಮುಖ್ಯ ಎನ್ನುವುದನ್ನು 2024ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆ ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿತು. ಇಂಡಿ ತಾಲೂಕಿನ ಕೆಲವು ಉತಾರಗಳ 11ನೇ ಕಾಲಂನಲ್ಲಿ ವಕ್ಫ್ ಹೆಸರು ಕಂಡಿತು, ಹೊನವಾಡದ ರೈತರು ಬೀದಿಗೆ ಬಂದರು, ಕೊನೆಗೆ ಸರ್ಕಾರ ರೈತರಿಗೆ ಕೊಟ್ಟಿದ್ದ ನೋಟಿಸುಗಳನ್ನು ವಾಪಸ್ ಪಡೆಯಿತು. ಆ ಗದ್ದಲದ ರಾಜಕೀಯ ಏನೇ ಇರಲಿ, ಜಾಗ ಕೊಳ್ಳುವವನಿಗೆ ಅದರಲ್ಲಿರುವ ವಿಷಯ ಸರಳ: ಕಳೆದ ವರ್ಷ ತೆಗೆಸಿದ ಉತಾರ ಈ ವರ್ಷಕ್ಕೆ ಸಾಕ್ಷಿಯಲ್ಲ. ಸಂಚಕಾರದ ದಿನ ಒಂದು, ಖರೀದಿಯ ದಿನ ಬೆಳಿಗ್ಗೆ ಮತ್ತೊಂದು ತೆಗೆಸಿ. ಅದಕ್ಕಾಗುವ ಖರ್ಚು ಆ ದಿನ ನೀವು ಏಜೆಂಟನಿಗೆ ಕುಡಿಸುವ ಚಹಾಕ್ಕಿಂತ ಬಹಳ ಹೆಚ್ಚೇನಲ್ಲ.

ಇಷ್ಟೆಲ್ಲ ಸರಿ ಇದ್ದರೂ ಉತಾರ ಎನ್ನುವುದು ಮಾಲಕಿಗೆ ಪೂರ್ತಿ ಪುರಾವೆಯಲ್ಲ. ಬೇರೆ ರೀತಿ ಸಾಬೀತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕು ಎನ್ನುತ್ತದೆ ಭೂಕಂದಾಯ ಕಾಯ್ದೆ. ‘ಸಾಬೀತಾಗುವವರೆಗೆ’ ಎಂಬಲ್ಲೇ ವಕೀಲರ ಹೊಟ್ಟೆಪಾಡಿದೆ. ಅದರಲ್ಲಿ ಅತಿ ಹೆಚ್ಚು ಸಲ ಸಾಬೀತಾಗುವುದು ಅಕ್ಕ-ತಂಗಿಯರ ಪಾಲು.

ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಕಡೆ ಹೊಲದ ವ್ಯವಹಾರ ಕೆಡುವುದು ಹೆಚ್ಚಾಗಿ ಇಲ್ಲೇ. ಅಪ್ಪ ತೀರಿಕೊಂಡ, ಗಂಡುಮಕ್ಕಳು ತಮ್ಮ ತಮ್ಮಲ್ಲೇ ವಾಟಣಿ ಮಾಡಿಕೊಂಡು ಉತಾರದಲ್ಲಿ ಹೆಸರು ಏರಿಸಿಕೊಂಡರು. ಲಗ್ನವಾಗಿ ಸಿಂದಗಿಗೋ ಮುದ್ದೇಬಿಹಾಳಕ್ಕೋ ಹೋದ ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇಲ್ಲ. ‘ಅಕ್ಕಾರು ಏನೂ ಅನ್ನಂಗಿಲ್ರೀ, ಪಂಚಮಿಗೆ ಸೀರಿ ಉಡಿಸ್ತೀವಿ’ ಎನ್ನುತ್ತಾನೆ ಮಾರುವವನು. ಅಕ್ಕ ಏನೂ ಅನ್ನದಿರುವುದು ಎಕರೆಗೆ ಬೆಲೆ ಬರುವವರೆಗೆ ಮಾತ್ರ. ಆಮೇಲೆ ಆಕೆ ಪಾಲು ಕೇಳಿದರೆ ಅದರಲ್ಲಿ ತಪ್ಪೂ ಇಲ್ಲ, ಅದು ಆಕೆಯ ಹಕ್ಕು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತದ ಪಾಲುದಾರಳನ್ನಾಗಿ ಮಾಡಿತು. ಅಪ್ಪ ಆ ದಿನಕ್ಕೆ ಬದುಕಿರಬೇಕೇ ಬೇಡವೇ ಎಂದು ವರ್ಷಗಟ್ಟಲೆ ವಾದ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದುಕಿರಬೇಕಿಲ್ಲ ಎಂದು ತೀರ್ಮಾನಿಸಿತು. ಅದಕ್ಕೂ ಮೊದಲು, 2018ರ ಫೆಬ್ರವರಿಯಲ್ಲಿ ತೀರ್ಪು ಬಂದ ದಾನಮ್ಮ ಪ್ರಕರಣ ಕರ್ನಾಟಕದಿಂದಲೇ ದಿಲ್ಲಿಗೆ ಹೋದದ್ದು. ತಂದೆ ತೀರಿಕೊಂಡದ್ದು 2001ರಲ್ಲಿ, ದಾವೆ ಹೂಡಿದ್ದು 2002ರಲ್ಲಿ. ಕೆಳಗಿನ ಕೋರ್ಟು ಮತ್ತು ಹೈಕೋರ್ಟು ಎರಡೂ ಪಾಲಿಲ್ಲ ಎಂದಿದ್ದ ಹೆಣ್ಣುಮಕ್ಕಳಿಬ್ಬರಿಗೆ ಕೊನೆಗೆ ತಲಾ ಐದರಲ್ಲೊಂದು ಪಾಲು ಸಿಕ್ಕಿತು. ಆ ಹದಿನಾರು ವರ್ಷಗಳ ನಡುವೆ ಇಂಥ ಆಸ್ತಿಯನ್ನು ಯಾರಾದರೂ ‘ಇನ್ವೆಸ್ಟ್‌ಮೆಂಟ್’ ಎಂದು ಕೊಂಡಿದ್ದರೆ? ದಾವೆ ನಡೆಯುವಾಗ ಕೊಂಡವನು ತೀರ್ಪಿಗೆ ಬದ್ಧ. ನನಗೆ ದಾವೆಯ ವಿಷಯ ಗೊತ್ತಿರಲಿಲ್ಲ ಎಂದರೆ ನಡೆಯದು.

2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟಣಿ ಪತ್ರವಿದ್ದರೆ ಆ ವಾಟಣಿಯನ್ನು ತಿದ್ದುಪಡಿ ಮುಟ್ಟುವುದಿಲ್ಲ. ಇಲ್ಲವಾದರೆ ವಂಶಾವಳಿ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರನ್ನೂ ಖರೀದಿ ಪತ್ರಕ್ಕೆ ಸಹಿ ಮಾಡಲು ಕರೆಯಬೇಕು, ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೇಳಬೇಕು. ನೂರು ರೂಪಾಯಿ ಬಾಂಡಿನ ಮೇಲೆ ‘ಒಪ್ಪಿಗೆ ಇದೆ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಬಾಂಡು ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದಿಲ್ಲ.

ಋಣಭಾರ ಪ್ರಮಾಣ ಪತ್ರ, ಅಂದರೆ ಇ.ಸಿ., ತೆಗೆಸಿದ್ದೇನಲ್ಲ ಎಂದು ಹಲವರು ಹೇಳುತ್ತಾರೆ. ತೆಗೆಸಲೇಬೇಕು, ಮೂವತ್ತು ವರ್ಷದ್ದು ತೆಗೆಸಬೇಕು. 2004ರ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಳೆಯದಕ್ಕೆ ಬಸವನ ಬಾಗೇವಾಡಿಯ ಉಪನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ವಾಟಣಿಯಾಗಲಿ, ನೋಂದಣಿಯಾಗದ ಸಂಚಕಾರ ಪತ್ರವಾಗಲಿ ಅದರಲ್ಲಿ ಇರುವುದಿಲ್ಲ. ಕೋರ್ಟಿನಲ್ಲಿರುವ ದಾವೆಯೂ ಅಷ್ಟೇ. ದಾವೆ ಹುಡುಕಲು ಇ-ಕೋರ್ಟ್ಸ್ ತಾಣದಲ್ಲಿ ಮಾರುವವನ ಹೆಸರು ಹಾಕಿ ನೋಡಬಹುದು. ಕಾಸು ಖರ್ಚಿಲ್ಲ.

ಇನ್ನು ‘ಗುಂಟೆ ಪ್ಲಾಟ್’. ಹೊಸಬರು ಹೆಚ್ಚು ಎಡವುವುದು ಇದರಲ್ಲಿ. 2020ರ ಭೂಸುಧಾರಣೆ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ರೈತ ಕುಟುಂಬದವರಲ್ಲದವರೂ ಈಗ ಹೊಲ ಕೊಳ್ಳಬಹುದು. ಇದು ಹೊಲಕ್ಕೆ ಸಂಬಂಧಿಸಿದ ಮಾತು. ಆ ಹೊಲದಲ್ಲಿ ಮನೆ ಕಟ್ಟಬಹುದು, ಎರಡೆರಡು ಗುಂಟೆ ಮಾಡಿ ಹಂಚಬಹುದು ಎಂದು ಯಾರೂ ಹೇಳಿಲ್ಲ. ಮನೆಗೆ ಬಿನಶೇತ್ಕಿ (ಎನ್‌ಎ) ಆಗಬೇಕು, ಅಂದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯಿಂದ ಪರಿವರ್ತನೆ. ಎನ್‌ಎ ಆದರೆ ಮುಗಿಯಲಿಲ್ಲ, ಮೇಲೆ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ‘ಎನ್‌ಎ ಆಗೇದ’ ಎಂದು ಹೇಳಿ ಮಾರುವ ಎಷ್ಟೋ ಕಡೆ ಆದದ್ದು ಎನ್‌ಎ ಒಂದೇ. ಲೇಔಟ್ ನಕ್ಷೆ ಏಜೆಂಟನ ಮೊಬೈಲಿನಲ್ಲಿ ಮಾತ್ರ ಇರುತ್ತದೆ.

ಇದನ್ನು ಹಿಡಿಯಲು ಒಂದು ಲೆಕ್ಕ ಸಾಕು. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಜಾಗಕ್ಕೆ ಬಿಟ್ಟು ಮಂಜೂರಾದ ಬಡಾವಣೆಯಲ್ಲಿ ಮಾರಾಟಕ್ಕೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ ಐವತ್ತೈದರ ಆಸುಪಾಸು. ಮೂವತ್ತು-ನಲವತ್ತರ ಪ್ಲಾಟ್ 1,200 ಚದರಡಿ. ಭಾಗಿಸಿದರೆ ಎಕರೆಗೆ ಇಪ್ಪತ್ತು ಪ್ಲಾಟ್. ಎಕರೆಯಲ್ಲಿ ಮೂವತ್ತು ಪ್ಲಾಟ್ ಮಾರಿದವನು ಹೆಚ್ಚಿನ ಹತ್ತನ್ನು ಎಲ್ಲಿಂದ ತಂದ? ನಿಮ್ಮ ರಸ್ತೆಯಿಂದ, ನಿಮ್ಮ ಮಕ್ಕಳ ಆಟದ ಬಯಲಿನಿಂದ. ಐನೂರು ಚದರ ಮೀಟರಿಗಿಂತ ದೊಡ್ಡ ಯೋಜನೆ 2016ರ ರೇರಾ ಕಾಯ್ದೆಯಂತೆ ನೋಂದಣಿಯಾಗಿರಬೇಕು. ಐನೂರು ಚದರ ಮೀಟರ್ ಎಂದರೆ ಐದು ಗುಂಟೆಯೂ ತುಂಬುವುದಿಲ್ಲ. ಹೀಗಾಗಿ ‘ನಮ್ಮದು ಸಣ್ಣದು, ರೇರಾ ಬೇಕಾಗಂಗಿಲ್ಲ’ ಎಂಬ ಮಾತು ಎಕರೆಗಟ್ಟಲೆ ಪ್ಲಾಟ್ ಮಾಡಿದವನ ಬಾಯಲ್ಲಿ ಸುಳ್ಳು.

ಪಟ್ಟಣ ಪಂಚಾಯಿತಿಯ ಹದ್ದಿಯೊಳಗಿನ ಜಾಗಕ್ಕೆ ಇ-ಆಸ್ತಿಯ ಇ-ಖಾತಾ, ಹೊರಗಿನ ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಇಂಥ ಸ್ವತ್ತುಗಳ ನೋಂದಣಿ ಇಲ್ಲ. ಬಿ-ಖಾತಾ ಕೊಡಲು ಶುರು ಮಾಡಿದ ಮೇಲೆ ಅದನ್ನೇ ಸಕ್ರಮದ ಚೀಟಿ ಎಂದು ತೋರಿಸುವವರಿದ್ದಾರೆ. ಅನಧಿಕೃತ ಬಡಾವಣೆಯ ಜಾಗವನ್ನು ತೆರಿಗೆಯ ಪಟ್ಟಿಗೆ ತರುವ ವ್ಯವಸ್ಥೆ ಅದು. ಬಡಾವಣೆ ಅದರಿಂದ ಸಕ್ರಮವಾಗುವುದಿಲ್ಲ. ಸ್ವಂತ ಮನೆಗೆ ಬೇಕಾದವನು ಬಿ-ಖಾತಾ ಜಾಗವನ್ನು ವಿಚಾರ ಮಾಡಿ ತೆಗೆದುಕೊಂಡಾನು. ಮಾರಿ ಲಾಭ ಮಾಡುವೆ ಎನ್ನುವವನು ಆ ಕಡೆ ಹೋಗಬಾರದು ಎಂದೇ ನನ್ನ ಅಭಿಪ್ರಾಯ.

ಹೊಲವೇ ಬೇಕೆನ್ನುವವರು ಸರ್ವೆ ನಂಬರಿನ ಒಂದು ತುಂಡು ಕೊಳ್ಳುವಾಗ 11ಇ ನಕ್ಷೆ ಕೇಳಿ. ಬದುವಿನ ಮೇಲೆ ನಿಂತು ಮೊಬೈಲಿನ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರುವ ಸರ್ವೆ ನಂಬರ್ ಯಾವುದೆಂದು ತೋರಿಸುತ್ತದೆ. ತೋರಿಸಿದ್ದೊಂದು ಹೊಲ, ಬರೆದುಕೊಟ್ಟಿದ್ದೊಂದು ಹೊಲ ಎಂಬ ಹಳೆಯ ಮೋಸ ಅಲ್ಲಿಗೇ ನಿಲ್ಲುತ್ತದೆ. ಎಲ್ಲೆಯ ಮಾತು ಬಂತೆಂದು ಹೇಳುತ್ತೇನೆ, ಮನಗೂಳಿಯಲ್ಲಿ ಹನ್ನೆರಡನೆಯ ಶತಮಾನದ ಶಾಸನಗಳಿವೆ, ಕಲಚುರಿ ಬಿಜ್ಜಳನ ಕಾಲದ್ದೂ ಅವುಗಳಲ್ಲಿದೆ. ಶಾಸನತಜ್ಞ ಫ್ಲೀಟ್ ಅವನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದ. ಆ ಕಾಲದ ದಾನಶಾಸನಗಳಲ್ಲಿ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಯುವ ರೂಢಿಯಿತ್ತು. ಇಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಖರೀದಿ ಪತ್ರದಲ್ಲಿ ಹಿಂದಿನ ಪತ್ರದ ಚಕ್ಕುಬಂದಿಯನ್ನೇ ಹಾಗೆಯೇ ಎತ್ತಿ ಹಾಕುತ್ತಾರೆ, ಪೂರ್ವಕ್ಕಿದ್ದವನು ಮಾರಿ ಹೋಗಿ ಎಷ್ಟೋ ವರ್ಷವಾಗಿದ್ದರೂ.

ಕಾಗದ ಸರಿ ಬಂತು ಎನ್ನೋಣ. ಈಗ ರೇಟು. ಆರು ಲಕ್ಷದ ಪ್ಲಾಟ್ ಹಿಡಿಯಿರಿ, ಲೆಕ್ಕಕ್ಕೆ ಮಾತ್ರ. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದಿದ್ದದ್ದು ಎರಡಾಗಿದೆ. ಕೂಡಿದರೆ ನೂರಕ್ಕೆ 7.6ರ ಆಸುಪಾಸು, ಅಂದರೆ 45,600 ರೂಪಾಯಿ. ವಕೀಲರು, ಏಜೆಂಟರು ಬೇರೆ. ಕೈಬಿಟ್ಟ 6,45,600 ರೂಪಾಯಿಯನ್ನು ಶೇಕಡಾ ಏಳರ ಠೇವಣಿಯಲ್ಲಿ ಐದು ವರ್ಷ ಇಟ್ಟಿದ್ದರೆ ಒಂಬತ್ತು ಲಕ್ಷ ದಾಟುತ್ತಿತ್ತು. ಹಾಗಾಗಿ ಐದು ವರ್ಷದ ಮೇಲೆ ಎಂಟೂವರೆ ಲಕ್ಷಕ್ಕೆ ಮಾರಿ ‘ಎರಡೂವರೆ ಲಕ್ಷ ಗಳಿಸಿದೆ’ ಎಂದು ಊರಿಗೆ ಊಟ ಹಾಕಿಸಿದವನು ಅಸಲಿಗೆ ಕಳೆದುಕೊಂಡಿದ್ದಾನೆ. ಠೇವಣಿಯ ಬಡ್ಡಿಗೆ ತೆರಿಗೆ ಬೀಳುತ್ತದೆ ಎನ್ನುವಿರಿ, ನಿಜ. ಪ್ಲಾಟಿನ ಲಾಭಕ್ಕೂ ಬೀಳುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಈಗ ನೂರಕ್ಕೆ ಹನ್ನೆರಡೂವರೆ.

‘ಸ್ವಲ್ಪ ಬ್ಲ್ಯಾಕ್ ಕೊಡ್ರಿ, ಸ್ಟ್ಯಾಂಪ್ ಉಳೀತದ’ ಎಂಬ ಸಲಹೆಯೂ ಬರುತ್ತದೆ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟವನ ಹಾನಿ ನಿಧಾನಕ್ಕೆ ಬರುತ್ತದೆ. ಹತ್ತು ಲಕ್ಷ ಕೊಟ್ಟು ಪತ್ರದಲ್ಲಿ ಆರು ಬರೆಸಿದಿರಿ. ಮುಂದೆ ಹದಿನಾಲ್ಕಕ್ಕೆ ಮಾರುವಾಗ ಕೊಳ್ಳುವವನು ಬ್ಯಾಂಕ್ ಸಾಲದವನಾದರೆ ಪೂರ್ತಿ ಹದಿನಾಲ್ಕು ಬರೆಸುತ್ತಾನೆ. ನಿಮ್ಮ ಲಾಭ ನಿಜದಲ್ಲಿ ನಾಲ್ಕು, ಕಾಗದದಲ್ಲಿ ಎಂಟು. ತೆರಿಗೆ ಐವತ್ತು ಸಾವಿರದ ಬದಲು ಒಂದು ಲಕ್ಷ.

ಕಟ್ಟಿ ಬಾಡಿಗೆ ಕೊಡುವ ವಿಚಾರವಿದ್ದವರು ಮಣ್ಣು ನೋಡಬೇಕು. ಮನಗೂಳಿ ಸೀಮೆಯ ಎರಿ ಮಣ್ಣು ಜೋಳಕ್ಕೆ ಬಂಗಾರ, ಗೋಡೆಗೆ ವೈರಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ತಳಪಾಯ ಅದರ ಜೊತೆ ಏಳುಬೀಳುತ್ತದೆ. ಗರಸು ಹತ್ತುವವರೆಗೆ ಅಗೆಯಬೇಕು, ಇಲ್ಲವೇ ಕಾಲಂ ಹಾಕಿ ಬೀಮ್ ಕಟ್ಟಬೇಕು. ಅಕ್ಕಪಕ್ಕ ಮನೆ ಕಟ್ಟಿದ ಗೌಂಡಿಯನ್ನು ಕೇಳಿದರೆ ಎಷ್ಟು ಅಡಿಗೆ ಗರಸು ಸಿಕ್ಕಿತು ಎಂದು ಹೇಳುತ್ತಾನೆ. ಎರಡು ಪ್ಲಾಟುಗಳ ನಡುವೆ ಚದರಡಿಗೆ ಐವತ್ತು ರೂಪಾಯಿ ಅಗ್ಗ ಎಂದು ಕೊಂಡದ್ದು ಕೆಲವೊಮ್ಮೆ ಈ ತಗ್ಗಿನಲ್ಲೇ ಮುಚ್ಚಿಹೋಗುತ್ತದೆ.

ಇಷ್ಟು ತಾಪತ್ರಯ ಬೇಡ, ಆದರೂ ಆಸ್ತಿಯ ಬಾಡಿಗೆಯಲ್ಲಿ ಒಂದು ಪಾಲು ಬೇಕು ಎನ್ನುವವರಿಗೆ ರೀಟ್ ಎಂಬುದಿದೆ. 2019ರಲ್ಲಿ ಬೆಂಗಳೂರಿನ ಎಂಬೆಸಿ ದೇಶದಲ್ಲಿ ಮೊದಲನೆಯದನ್ನು ಷೇರುಪೇಟೆಗೆ ತಂದಿತು. ಆಫೀಸು ಕಟ್ಟಡಗಳ ಬಾಡಿಗೆಯಲ್ಲಿ ಯುನಿಟ್ ಕೊಂಡವರಿಗೆ ಹಂಚಿಕೆ. ಅದಕ್ಕೂ ಷೇರಿನಂತೆ ಏರಿಳಿತವಿದೆ. ಬೇಡವೆಂದಾಗ ಮರುದಿನ ಮಾರಬಹುದು ಎಂಬುದೊಂದೇ ಮನಗೂಳಿಯ ಪ್ಲಾಟಿಗೂ ಅದಕ್ಕೂ ಇರುವ ಅಂತರವನ್ನು ಹೇಳುತ್ತದೆ. ನಮ್ಮ ಜನಕ್ಕೆ ಮಾತ್ರ ಕಾಲಿಟ್ಟು ನಿಲ್ಲಲು ಬಾರದ ಆಸ್ತಿ ಆಸ್ತಿಯೇ ಅಲ್ಲ.

ಹಾಗಾದರೆ ಸಂಚಕಾರ ಯಾವಾಗ ಕೊಡಬೇಕು? ಸಂಚಕಾರ ಪತ್ರದಿಂದ ಜಾಗದ ಮೇಲೆ ಮಾಲಕಿ ಬರುವುದಿಲ್ಲ, ಖರೀದಿ ಮಾಡಿಕೊಡಿ ಎಂದು ಕೇಳುವ ಹಕ್ಕು ಮಾತ್ರ ಬರುತ್ತದೆ. ಆದ್ದರಿಂದ ಮೊತ್ತ ಸಣ್ಣದಿರಲಿ, ಚೆಕ್ಕಿನಲ್ಲಿರಲಿ, ಪತ್ರ ನೋಂದಣಿಯಾಗಲಿ, ಆಗ ಇ.ಸಿ.ಯಲ್ಲಿ ಕಾಣುತ್ತದೆ, ಅದೇ ಜಾಗವನ್ನು ಇನ್ನೊಬ್ಬನಿಗೆ ತೋರಿಸುವುದು ಕಷ್ಟವಾಗುತ್ತದೆ. ಆಮೇಲೆ ಜಿಲ್ಲೆಯ ಪತ್ರಿಕೆಯಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಹಾಕಿಸಿ: ಇಂಥ ಸರ್ವೆ ನಂಬರಿನ ಇಷ್ಟು ಗುಂಟೆಯನ್ನು ನನ್ನ ಕಕ್ಷಿದಾರರು ಕೊಳ್ಳುತ್ತಿದ್ದಾರೆ, ತಕರಾರಿದ್ದವರು ಹದಿನೈದು ದಿನದೊಳಗೆ ತಿಳಿಸಬೇಕು ಎಂದು. ಮಾರುವವರಲ್ಲಿ ಅನೇಕರು ಇದಕ್ಕೆ ಒಪ್ಪುವುದಿಲ್ಲ. ‘ಪೇಪರಿನ್ಯಾಗ ಹಾಕಿದ್ರ ಸುಮ್ನ ಇದ್ದವರೂ ಎದ್ದು ಬರ್ತಾರ್ರೀ’ ಎನ್ನುತ್ತಾರೆ. ಎದ್ದು ಬರುವವರು ಈಗಲೇ ಬರಲಿ ಎಂದೇ ಅದನ್ನು ಹಾಕಿಸುವುದು. ತಕರಾರು ಬಂದರೆ ಸಂಚಕಾರದ ಹಣವನ್ನು ಮೂವತ್ತು ದಿನದೊಳಗೆ ಚೆಕ್ಕಿನ ಮೂಲಕ ಹಿಂದಿರುಗಿಸುವೆನು ಎಂಬ ಸಾಲನ್ನು ಸಂಚಕಾರ ಪತ್ರದಲ್ಲೇ ಬರೆಸಿಕೊಳ್ಳಿ; ಆ ಸಾಲಿಗೆ ಸಹಿ ಹಾಕಲು ಒಲ್ಲೆ ಎನ್ನುವವನ ಜಾಗ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ.